ಊಟಕ್ಕಿಲ್ಲದ ಉಪ್ಪಿನಕಾಯಿ: ಚಾಲ್ತಿ ಅನುಪಾತದ ಪಾಠದಲ್ಲಿ ನಾವು ಕೇಳದ ಪ್ರಶ್ನೆ

ಕಳೆದ ಸಾಲಿನ ಅಭ್ಯಾಸ ಬೋಧನೆಯ ಅವಧಿಯಲ್ಲಿ, ಜನವರಿ ತಿಂಗಳಿನಲ್ಲಿ, ಕಬ್ಬು ಬೆಳೆಯುವ ಸೀಮೆಯ ಒಂದು ಪದವಿಪೂರ್ವ ಕಾಲೇಜಿಗೆ ಪಾಠ ವೀಕ್ಷಣೆಗೆ ಹೋಗಿದ್ದೆ. ವಾಣಿಜ್ಯ ಬೋಧನಾ ವಿಧಾನದ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ದ್ರವ್ಯತಾ ಅನುಪಾತಗಳ ಪಾಠ ಮಾಡುತ್ತಿದ್ದರು. ಪಾಠ ಅಚ್ಚುಕಟ್ಟಾಗಿತ್ತು. ಪೂರ್ವಜ್ಞಾನ ಪರೀಕ್ಷೆಗೆ ನಾಲ್ಕು ಪ್ರಶ್ನೆ, ಕಪ್ಪುಹಲಗೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಸೂತ್ರ, ಒಂದು ಮಾದರಿ ಲೆಕ್ಕ. ಚಾಲ್ತಿ ಆಸ್ತಿ ನಾಲ್ಕು ಲಕ್ಷ, ಚಾಲ್ತಿ ಹೊಣೆ ಎರಡು ಲಕ್ಷ, ಅನುಪಾತ 2:1. ಅದರ ಕೆಳಗೆ ಅಡಿಗೆರೆ ಎಳೆದು ಅವರು ಬರೆದರು: "ಆದರ್ಶ ಅನುಪಾತ. ಕಂಪನಿಯ ಅಲ್ಪಾವಧಿ ಹಣಕಾಸು ಸ್ಥಿತಿ ಉತ್ತಮವಾಗಿದೆ."

ಹಿಂದಿನ ಬೆಂಚಿನಲ್ಲಿದ್ದ ಹುಡುಗನೊಬ್ಬ ಎದ್ದು ನಿಂತ. "ಸರ್, ನಮ್ಮೂರ ಫ್ಯಾಕ್ಟರಿ ಗೋದಾಮ ತುಂಬ ಸಕ್ರಿ ಐತ್ರಿ. ಅದೂ ಚಾಲ್ತಿ ಆಸ್ತಿನ ಅಲ್ಲೇನ್ರಿ? ಹಂಗಾದ್ರ ನಮ್ಮ ಕಬ್ಬಿನ ಬಿಲ್ಲ ಎರಡು ತಿಂಗಳಾದ್ರೂ ಯಾಕ ಬಂದಿಲ್ರಿ?"

ತರಗತಿಯಲ್ಲಿ ಸಣ್ಣ ನಗು ಎದ್ದಿತು. ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡವರಿಸಿ, "ಅದು ನಮ್ಮ ಪಾಠಕ್ಕೆ ಸಂಬಂಧಿಸಿದ್ದಲ್ಲ, ಕೂತುಕೋ" ಎಂದು ಮುಂದಿನ ಲೆಕ್ಕಕ್ಕೆ ಹೋದರು. ನಾನು ವೀಕ್ಷಣಾ ಪುಸ್ತಕದಲ್ಲಿ ಏನು ಬರೆದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. "ವಿಷಯ ನಿರೂಪಣೆ ಸ್ಪಷ್ಟವಾಗಿದೆ. ಕಪ್ಪುಹಲಗೆ ಕೆಲಸ ಉತ್ತಮ. ವಿದ್ಯಾರ್ಥಿಗಳ ಪ್ರಶ್ನೆಗಳನ್ನು ಪಾಠದ ಕೊನೆಗೆ ತೆಗೆದುಕೊಳ್ಳಿ." ಸಹಿ ಹಾಕಿ ಎದ್ದು ಬಂದೆ.

ಬಸ್ಸಿನಲ್ಲಿ ಕುಳಿತ ಮೇಲೆ ತಪ್ಪು ಹೊಳೆಯಿತು. ಆ ಪಾಠದ ಅತ್ಯಂತ ಪ್ರಸ್ತುತವಾದ ಮಾತನ್ನು ಆಡಿದವನು ಆ ಹುಡುಗ. ಅದು ಪಾಠಕ್ಕೆ ಸಂಬಂಧಿಸಿದ್ದಲ್ಲ ಎಂದವರು ನಾವು. ಪ್ರಶಿಕ್ಷಣಾರ್ಥಿ ಬಾಯಿಬಿಟ್ಟು ಹೇಳಿದರು, ನಾನು ಸಹಿ ಹಾಕಿ ಹೇಳಿದೆ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು. ದ್ರವ್ಯತಾ ಅನುಪಾತ ಎಂಬುದು ತೀರ್ಪಲ್ಲ, ಒಂದು ಪ್ರಶ್ನೆಯ ಆರಂಭ. ಆ ಪ್ರಶ್ನೆ "ಎಷ್ಟು?" ಎಂಬುದಕ್ಕಿಂತ ಹೆಚ್ಚಾಗಿ "ಯಾವಾಗ?" ಎಂಬುದು. ನಾವು ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಅದನ್ನು ಭಾಗಾಕಾರದ ಲೆಕ್ಕವಾಗಿ ಕಲಿಸುತ್ತಿದ್ದೇವೆ. ಅವರು ಮಕ್ಕಳಿಗೆ ಅದನ್ನೇ ದಾಟಿಸುತ್ತಿದ್ದಾರೆ.

2:1 ಎಲ್ಲಿಯ ಶಾಸನ?

ಚಾಲ್ತಿ ಆಸ್ತಿ ಎಂದರೆ ಸಾಮಾನ್ಯವಾಗಿ ಹನ್ನೆರಡು ತಿಂಗಳೊಳಗೆ, ಅಥವಾ ಆ ವ್ಯವಹಾರದ ಒಂದು ಸುತ್ತಿನೊಳಗೆ, ನಗದಾಗುವ ಆಸ್ತಿ. ಚಾಲ್ತಿ ಹೊಣೆ ಎಂದರೆ ಅದೇ ಅವಧಿಯೊಳಗೆ ತೀರಿಸಬೇಕಾದ ಬಾಕಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಚಾಲ್ತಿ ಅನುಪಾತ. ಚಾಲ್ತಿ ಆಸ್ತಿಯಿಂದ ಸರಕು ದಾಸ್ತಾನನ್ನೂ ಮುಂಗಡ ಪಾವತಿಸಿದ ವೆಚ್ಚಗಳನ್ನೂ ಕಳೆದು ಭಾಗಿಸಿದರೆ ತ್ವರಿತ ಅನುಪಾತ. ಮೊದಲನೆಯದಕ್ಕೆ 2:1, ಎರಡನೆಯದಕ್ಕೆ 1:1 ಆದರ್ಶ ಎಂದು ಪಠ್ಯಪುಸ್ತಕ ಹೇಳುತ್ತದೆ. ಇಷ್ಟು ನಮಗೆಲ್ಲ ಬಾಯಿಪಾಠ.

ಆದರೆ ಈ 2:1 ಯಾವ ಕಾಯ್ದೆಯಲ್ಲೂ ಇಲ್ಲ. ಅದೊಂದು ರೂಢಿಯ ಅಳತೆ. ನಮ್ಮ ದೇಶದ ಬ್ಯಾಂಕುಗಳೇ ಬಹುಕಾಲ ಬೇರೆ ಅಳತೆಯಿಂದ ನಡೆದವು. ರಿಸರ್ವ್ ಬ್ಯಾಂಕ್ 1974ರಲ್ಲಿ ನೇಮಿಸಿದ ಟಂಡನ್ ಸಮಿತಿ, ದುಡಿಯುವ ಬಂಡವಾಳದ ಸಾಲಕ್ಕೆ ಸೂಚಿಸಿದ ಎರಡನೇ ವಿಧಾನದಲ್ಲಿ, ಒಟ್ಟು ಚಾಲ್ತಿ ಆಸ್ತಿಯ ಕಾಲು ಭಾಗವನ್ನು ಸಾಲಗಾರನು ದೀರ್ಘಾವಧಿ ಹಣದಿಂದ ತರಬೇಕು ಎಂದಿತು. ಅಂದರೆ ನೂರು ರೂಪಾಯಿ ಚಾಲ್ತಿ ಆಸ್ತಿಗೆ ಎಪ್ಪತ್ತೈದು ರೂಪಾಯಿವರೆಗೆ ಚಾಲ್ತಿ ಹೊಣೆ ಇರಬಹುದು. ನೂರನ್ನು ಎಪ್ಪತ್ತೈದರಿಂದ ಭಾಗಿಸಿದರೆ 1.33. ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ಅವರ ಬಾಯಲ್ಲಿ ಬರುವ ಸಂಖ್ಯೆ 1.33. ತರಗತಿಯಲ್ಲಿ ಶಾಸನವೆಂಬಂತೆ ಕಲಿಸುವ 2:1ಕ್ಕೂ, ಸಾಲ ಕೊಡುವವರು ಬಳಸಿದ 1.33ಕ್ಕೂ ಇಷ್ಟು ಅಂತರವಿದೆ ಎಂದಾದರೆ, "ಆದರ್ಶ" ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಬರೆಯುವ ಮುನ್ನ ಸ್ವಲ್ಪ ಯೋಚಿಸಬೇಕಲ್ಲವೇ?

2:1 ಏಕೆ ಬಂತು ಎಂಬುದನ್ನು ಮಾತ್ರ ಹೇಳಿಕೊಡಬೇಕು. ಚಾಲ್ತಿ ಆಸ್ತಿಯ ಬೆಲೆ ಅರ್ಧಕ್ಕೆ ಇಳಿದರೂ ಸಾಲಗಾರರಿಗೆ ಕೊಡಲು ಸಾಲಬೇಕು ಎಂಬ ಮುನ್ನೆಚ್ಚರಿಕೆ ಅದರ ಹಿಂದಿದೆ. ಹೀಗೆ ಹೇಳಿದರೆ ಮಕ್ಕಳಿಗೆ ಅದೊಂದು ಸುರಕ್ಷತೆಯ ಅಂತರ ಎಂದು ತಿಳಿಯುತ್ತದೆ. ಆ ಅಂತರ ಎಷ್ಟಿರಬೇಕು ಎಂಬುದು ವ್ಯವಹಾರದಿಂದ ವ್ಯವಹಾರಕ್ಕೆ ಬೇರೆ ಎಂಬುದನ್ನು ಅವರೇ ಊಹಿಸುತ್ತಾರೆ.

ಹುಡುಗನ ಪ್ರಶ್ನೆಗೆ ಉತ್ತರ ಅಢಾವೆ ಪತ್ರಿಕೆಯಲ್ಲೇ ಇತ್ತು

ಆ ಹುಡುಗನ ಪ್ರಶ್ನೆಯನ್ನೇ ಪಾಠವಾಗಿಸಬಹುದಿತ್ತು. ಹೇಗೆಂದು ನೋಡೋಣ. ಪಾಠಕ್ಕಾಗಿ ನಾನೇ ಕಟ್ಟಿದ ಒಂದು ಸಕ್ಕರೆ ಕಂಪನಿಯ ಮಾರ್ಚ್ 31ರ ಅಂಕಿಗಳಿವು. ಇವು ಯಾವ ಕಾರ್ಖಾನೆಯವೂ ಅಲ್ಲ.

ಚಾಲ್ತಿ ಆಸ್ತಿಗಳು: ಸಕ್ಕರೆ ದಾಸ್ತಾನು 150 ಕೋಟಿ, ಋಣಿಗಳಿಂದ ಬರಬೇಕಾದದ್ದು 20 ಕೋಟಿ, ನಗದು ಮತ್ತು ಬ್ಯಾಂಕ್ ಶಿಲ್ಕು 5 ಕೋಟಿ, ಮುಂಗಡ ಪಾವತಿಸಿದ ವೆಚ್ಚ 5 ಕೋಟಿ. ಒಟ್ಟು 180 ಕೋಟಿ.

ಚಾಲ್ತಿ ಹೊಣೆಗಳು: ರೈತರಿಗೆ ಕೊಡಬೇಕಾದ ಕಬ್ಬಿನ ಬಾಕಿ 45 ಕೋಟಿ, ಸಕ್ಕರೆಯನ್ನು ಅಡವಿಟ್ಟು ಪಡೆದ ಬ್ಯಾಂಕ್ ಸಾಲ 35 ಕೋಟಿ, ಇತರ ಬಾಕಿಗಳು 10 ಕೋಟಿ. ಒಟ್ಟು 90 ಕೋಟಿ.

ಚಾಲ್ತಿ ಅನುಪಾತ 180ನ್ನು 90ರಿಂದ ಭಾಗಿಸಿದರೆ 2:1. ನಮ್ಮ ಪಾಠದ ಪ್ರಕಾರ ಆದರ್ಶ ಕಂಪನಿ. ಈಗ ತ್ವರಿತ ಅನುಪಾತ ನೋಡಿ. 180ರಿಂದ ದಾಸ್ತಾನಿನ 150, ಮುಂಗಡದ 5 ಕಳೆದರೆ ಉಳಿಯುವುದು 25 ಕೋಟಿ. ಅದನ್ನು 90ರಿಂದ ಭಾಗಿಸಿದರೆ 0.28. ಒಂದು ರೂಪಾಯಿ ಬಾಕಿಗೆ ಕೈಗೆ ಬೇಗ ಸಿಗುವುದು ಇಪ್ಪತ್ತೆಂಟು ಪೈಸೆ. ಎರಡೂ ಅನುಪಾತಗಳು ಒಂದೇ ಕಂಪನಿಯವು, ಒಂದೇ ದಿನದವು.

ಸಾಮಾನ್ಯವಾಗಿ ನಮ್ಮ ಪಾಠ ಇಲ್ಲಿಗೆ ನಿಲ್ಲುತ್ತದೆ. "ದಾಸ್ತಾನು ಹೆಚ್ಚಿದೆ, ಆದ್ದರಿಂದ ತ್ವರಿತ ಅನುಪಾತ ಕಡಿಮೆ" ಎಂದು ಬರೆಸಿ ಮುಗಿಸುತ್ತೇವೆ. ಆದರೆ ನಿಜವಾದ ಕಲಿಕೆ ಶುರುವಾಗುವುದು ಇಲ್ಲಿಂದ. ಪ್ರತಿ ಬಾಬಿನ ಮುಂದೆ ಇನ್ನೊಂದು ಕಲಂ ಎಳೆಯಿರಿ. ಅದಕ್ಕೆ "ಯಾವಾಗ?" ಎಂದು ಹೆಸರಿಡಿ.

ಕಬ್ಬಿನ ಬಾಕಿ ಯಾವಾಗ ಕೊಡಬೇಕು? ಇದಕ್ಕೆ ಕಾನೂನೇ ಉತ್ತರ ಕೊಟ್ಟಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಬೆಲೆ ಪಾವತಿಯಾಗಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಕೊಡಬೇಕು.

ಸಕ್ಕರೆ ಯಾವಾಗ ನಗದಾಗುತ್ತದೆ? ಕಬ್ಬು ನುರಿಯುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್‌ನಲ್ಲಿ ಶುರುವಾಗಿ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ. ಸಕ್ಕರೆ ಮಾರುವುದು ವರ್ಷವಿಡೀ. ಅದರ ಮೇಲೆ, 2018ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ಪ್ರತಿ ಕಾರ್ಖಾನೆ ತಿಂಗಳಿಗೆ ಎಷ್ಟು ಸಕ್ಕರೆ ಮಾರಬಹುದು ಎಂದು ಮಿತಿ ಗೊತ್ತುಪಡಿಸುವ ವ್ಯವಸ್ಥೆಯನ್ನು ಮತ್ತೆ ತಂದಿತು. ಗೋದಾಮಿನ ಬೀಗ ಕಾರ್ಖಾನೆಯದೇ ಆದರೂ, ಬೇಕೆಂದಾಗ ಎಲ್ಲವನ್ನೂ ಮಾರುವ ಹಾಗಿಲ್ಲ. ನಮ್ಮ ಲೆಕ್ಕದ ಕಂಪನಿ 150 ಕೋಟಿಯ ಸಕ್ಕರೆಯನ್ನು ಹನ್ನೆರಡು ತಿಂಗಳಲ್ಲಿ ಸಮನಾಗಿ ಮಾರುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 12.5 ಕೋಟಿ.

ಏಪ್ರಿಲ್ ತಿಂಗಳ ಲೆಕ್ಕ ಮಾಡೋಣ. ಕೈಯಲ್ಲಿರುವ ನಗದು 5 ಕೋಟಿ. ಸಕ್ಕರೆ ಮಾರಿದ್ದು 12.5 ಕೋಟಿ. ಋಣಿಗಳಲ್ಲಿ ಅರ್ಧ ಜನ ಕೊಟ್ಟರು ಎಂದರೆ 10 ಕೋಟಿ. ಒಟ್ಟು 27.5 ಕೋಟಿ. ರೈತರಿಗೆ ಕೊಡಬೇಕಾದದ್ದು 45 ಕೋಟಿ. ಅದೂ ತಿಂಗಳ ಕೊನೆಗಲ್ಲ, 14 ದಿನದೊಳಗೆ. ಕೊರತೆ 17.5 ಕೋಟಿ. ಇದರಲ್ಲಿ ಬ್ಯಾಂಕಿನ ಪಾಲನ್ನು ಇನ್ನೂ ಕಳೆದಿಲ್ಲ. ಅಡವಿಟ್ಟ ಸಕ್ಕರೆ ಮಾರಿದ ಹಣದಲ್ಲಿ ಬ್ಯಾಂಕ್ ತನ್ನ ಕಂತನ್ನು ಮೊದಲು ಹಿಡಿದುಕೊಳ್ಳುತ್ತದೆ. ನೌಕರರ ಸಂಬಳ, ಇತರ ಬಾಕಿ ಬೇರೆ.

ಹುಡುಗನ ಪ್ರಶ್ನೆಗೆ ಉತ್ತರ ಇಷ್ಟೇ. ಕಾರ್ಖಾನೆಗೆ ಆಸ್ತಿ ಇದೆ, ಆದರೆ ಹೊತ್ತಿಗೆ ಹಣವಿಲ್ಲ. ನಮ್ಮ ಹಿರಿಯರು ಇದನ್ನು ಊಟಕ್ಕಿಲ್ಲದ ಉಪ್ಪಿನಕಾಯಿ ಎಂದರು. ಜಾಡಿಯಲ್ಲಿ ಎಷ್ಟಿದ್ದರೇನು, ಎಲೆ ಹಾಕಿದಾಗ ಬಡಿಸಲಾಗದಿದ್ದರೆ? ದ್ರವ್ಯತೆ ಎಂಬ ಪರಿಕಲ್ಪನೆಯನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಮಾತು ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಈ ಪಾಠದಿಂದ ಇನ್ನೊಂದು ಲೆಕ್ಕವನ್ನೂ ಮಾಡಿಸಬಹುದು. ಒಂದು ಮನೆಯವರು 100 ಟನ್ ಕಬ್ಬು ಕಳುಹಿಸಿದರು, ಟನ್ನಿಗೆ 3,000 ರೂಪಾಯಿ ಎಂದಿಟ್ಟುಕೊಳ್ಳಿ. ಬರಬೇಕಾದದ್ದು 3 ಲಕ್ಷ. ಎರಡು ತಿಂಗಳು ತಡವಾದರೆ ಶೇಕಡಾ 15ರ ಲೆಕ್ಕದಲ್ಲಿ ಬಡ್ಡಿ 7,500 ರೂಪಾಯಿ. ಕಾರ್ಖಾನೆಯ ಅಢಾವೆ ಪತ್ರಿಕೆಯಲ್ಲಿ ಚಾಲ್ತಿ ಹೊಣೆಯಾಗಿ ಕುಳಿತಿರುವುದು ಆ ಮನೆಯ ಪುಸ್ತಕದಲ್ಲಿ ಚಾಲ್ತಿ ಆಸ್ತಿ. ಕಾರ್ಖಾನೆ ತಡಮಾಡಿದಷ್ಟು ದಿನ ಆ ಮನೆಯವರು ಗೊಬ್ಬರದ ಅಂಗಡಿಗೆ, ಸೊಸೈಟಿಗೆ, ಕಾಲೇಜಿನ ಶುಲ್ಕಕ್ಕೆ ತಡಮಾಡಬೇಕಾಗುತ್ತದೆ. ಒಬ್ಬರ ದ್ರವ್ಯತೆಯ ಕೊರತೆ ಹೀಗೆ ಇನ್ನೊಬ್ಬರ ಮನೆಗೆ ದಾಟುತ್ತದೆ ಎಂಬುದು ಅನುಪಾತದ ಅಧ್ಯಾಯದಲ್ಲಿ ಕಲಿಯಬಹುದಾದ ಅತಿ ದೊಡ್ಡ ಸಂಗತಿ.

ಕಡಿಮೆ ಅನುಪಾತವೆಲ್ಲ ಕಾಯಿಲೆಯಲ್ಲ

ಇದರ ಇನ್ನೊಂದು ಮಗ್ಗುಲನ್ನೂ ತೋರಿಸದಿದ್ದರೆ ಪಾಠ ಅರೆಬರೆಯಾಗುತ್ತದೆ. ಒಂದು ದರ್ಶಿನಿ ಹೋಟೆಲನ್ನು ತೆಗೆದುಕೊಳ್ಳಿ. ಗಿರಾಕಿ ಕೌಂಟರಿನಲ್ಲಿ ದುಡ್ಡು ಕೊಟ್ಟು ಟೋಕನ್ ಪಡೆದ ಮೇಲೆಯೇ ಕಾಫಿ. ಋಣಿಗಳು ಎಂಬ ಬಾಬೇ ಇಲ್ಲ. ಇವತ್ತಿನ ಹಿಟ್ಟು ಇವತ್ತೇ ಇಡ್ಲಿಯಾಗಿ ಖರ್ಚಾಗುತ್ತದೆ, ಹಾಗಾಗಿ ದಾಸ್ತಾನೂ ಕಡಿಮೆ. ಆದರೆ ದಿನಸಿ ಅಂಗಡಿಯವರು ತಿಂಗಳ ಉದ್ದರಿ ಕೊಡುತ್ತಾರೆ. ಇಂಥ ಹೋಟೆಲಿನ ಚಾಲ್ತಿ ಆಸ್ತಿ 2 ಲಕ್ಷ, ಒಂದು ತಿಂಗಳೊಳಗೆ ತೀರಿಸಬೇಕಾದ ಚಾಲ್ತಿ ಹೊಣೆ 3 ಲಕ್ಷ ಎಂದಿಟ್ಟುಕೊಳ್ಳಿ. ಅನುಪಾತ 0.67. ಪಠ್ಯದ ಪ್ರಕಾರ ಅಪಾಯದ ಸ್ಥಿತಿ. ಆದರೆ ದಿನದ ಕೂಲಿ, ಗ್ಯಾಸು, ಹೊಸ ಸಾಮಾನಿನ ಖರ್ಚೆಲ್ಲ ಕಳೆದು ದಿನಕ್ಕೆ 15 ಸಾವಿರ ಉಳಿಯುವುದಾದರೆ, ಇಪ್ಪತ್ತೇ ದಿನದಲ್ಲಿ 3 ಲಕ್ಷ ಕೈಗೆ ಬರುತ್ತದೆ. ಮಾಲೀಕರು ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು.

2:1 ಇರುವ ಸಕ್ಕರೆ ಕಂಪನಿ ರೈತರಿಗೆ ಕೊಡಲಾರದು. 0.67 ಇರುವ ಹೋಟೆಲು ಎಲ್ಲರಿಗೂ ಕೊಡುತ್ತದೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಕಾರಣ ಹುಡುಕಿ ಎಂದು ಮಕ್ಕಳಿಗೆ ಬಿಟ್ಟರೆ ಸಾಕು, ಚರ್ಚೆ ತಾನಾಗಿ ನಡೆಯುತ್ತದೆ. ಊರಿನಲ್ಲಿ ಸಕ್ಕರೆ ಕಾರ್ಖಾನೆ ಇಲ್ಲದಿದ್ದರೆ ಅಡಿಕೆ ಮಂಡಿ, ಬಟ್ಟೆ ಅಂಗಡಿ, ಹಾಲಿನ ಡೇರಿ, ಯಾವುದಾದರೂ ಇರುತ್ತದೆ.

ಒಂದು ದಿನದ ಚಿತ್ರ, ಅದೂ ಬಣ್ಣ ಹಚ್ಚಿದ್ದಿರಬಹುದು

ಅಢಾವೆ ಪತ್ರಿಕೆ ಒಂದು ದಿನದ ಚಿತ್ರ. ಮಾರ್ಚ್ 31ಕ್ಕೆ ಸಕ್ಕರೆ ಕಂಪನಿಯ ಗೋದಾಮು ತುಂಬಿರುತ್ತದೆ. ಅದೇ ಕಂಪನಿಯ ಚಿತ್ರವನ್ನು ಸೆಪ್ಟೆಂಬರ್‌ನಲ್ಲಿ ತೆಗೆದರೆ ದಾಸ್ತಾನು ಕರಗಿರುತ್ತದೆ, ಅನುಪಾತ ಬೇರೆಯೇ ಇರುತ್ತದೆ.

ಚಿತ್ರ ತೆಗೆಯುವ ದಿನಕ್ಕೆ ಮುಖ ತೊಳೆದು ನಿಲ್ಲುವುದೂ ಉಂಟು. ಚಾಲ್ತಿ ಆಸ್ತಿ 2 ಲಕ್ಷ, ಚಾಲ್ತಿ ಹೊಣೆ 1 ಲಕ್ಷ ಇರುವ ಕಂಪನಿ ಮಾರ್ಚ್ 30ರಂದು 50 ಸಾವಿರದ ಬಾಕಿಯನ್ನು ನಗದಿನಿಂದ ತೀರಿಸಿತು ಎನ್ನಿ. ಆಸ್ತಿ ಒಂದೂವರೆ ಲಕ್ಷ, ಹೊಣೆ ಐವತ್ತು ಸಾವಿರ. ಅನುಪಾತ 2:1ರಿಂದ 3:1ಕ್ಕೆ ಏರಿತು. ಏಪ್ರಿಲ್ 2ರಂದು ಮತ್ತೆ ಉದ್ದರಿ ತಂದರೆ ಕೆಳಗಿಳಿಯುತ್ತದೆ. ಎರಡು ದಿನದಲ್ಲಿ ಕಂಪನಿಯ ಆರೋಗ್ಯ ಸುಧಾರಿಸಲಿಲ್ಲ, ಕೆಡಲೂ ಇಲ್ಲ. "ಈ ವ್ಯವಹಾರದಿಂದ ಅನುಪಾತ ಹೆಚ್ಚುವುದೋ, ಕಡಿಮೆಯಾಗುವುದೋ?" ಎಂಬ ಪ್ರಶ್ನೆಯನ್ನು ನಾವು ಮಕ್ಕಳಿಗೆ ಕೊಡುತ್ತೇವೆ. ಆದರೆ ಯಾರಾದರೂ ಬೇಕೆಂದೇ ಹೀಗೆ ಏಕೆ ಮಾಡಿಯಾರು ಎಂದು ಕೇಳುವುದಿಲ್ಲ.

ಅಂಕಿಗಳೇ ಸುಳ್ಳಾದಾಗ ಏನಾಗುತ್ತದೆ ಎಂಬುದಕ್ಕೆ ಸತ್ಯಂ ಕಂಪ್ಯೂಟರ್ಸ್‌ಗಿಂತ ದೊಡ್ಡ ಪಾಠ ಬೇಕಿಲ್ಲ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದ ಪ್ರಕಾರ, 2008ರ ಸೆಪ್ಟೆಂಬರ್ 30ಕ್ಕೆ ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ಋಣಿಗಳಿಂದ ಬರಬೇಕೆಂದು ತೋರಿಸಿದ್ದ 2,651 ಕೋಟಿಯಲ್ಲಿ 490 ಕೋಟಿ ಹೆಚ್ಚಿಗೆ ಬರೆದದ್ದು. 1,230 ಕೋಟಿಯ ಹೊಣೆಯನ್ನು ಪುಸ್ತಕದಲ್ಲಿ ತೋರಿಸಿರಲಿಲ್ಲ. ಗಮನಿಸಿ: ಇಲ್ಲಿ ಸುಳ್ಳಾದದ್ದು ದಾಸ್ತಾನಲ್ಲ. ನಾವು ಅತ್ಯಂತ ನಂಬಲರ್ಹವೆಂದು ಕಲಿಸುವ ನಗದು. ಭಾಜ್ಯ ಉಬ್ಬಿತ್ತು, ಭಾಜಕ ಕುಗ್ಗಿತ್ತು. ತ್ವರಿತ ಅನುಪಾತವೂ ಇಲ್ಲಿ ಕಾಪಾಡಲಾರದು. ಅನುಪಾತ ಎಷ್ಟು ಸತ್ಯವೋ ಅದರ ಹಿಂದಿನ ಅಂಕಿ ಅಷ್ಟೇ ಸತ್ಯ ಎಂದು ಹತ್ತು ಸಲ ಹೇಳುವುದಕ್ಕಿಂತ, ಈ ಅಂಕಿಗಳನ್ನು ಒಮ್ಮೆ ಕಪ್ಪುಹಲಗೆಯ ಮೇಲೆ ಬರೆದು ಕಳೆಯಿಸಿದರೆ ಸಾಕು. 5,361ರಲ್ಲಿ 5,040 ಹೋದರೆ ಉಳಿಯುವುದು 321.

ಕಾನೂನು ಕೇಳುತ್ತದೆ, ನಾವು ಕೇಳುವುದಿಲ್ಲ

ಇದೆಲ್ಲ ಪಿಯುಸಿ ಮಟ್ಟಕ್ಕೆ ಹೆಚ್ಚಾಯಿತು ಎನ್ನುವವರಿಗೆ ಒಂದು ಸಂಗತಿ ತಿಳಿಸಬೇಕು. 2013ರ ಕಂಪನಿ ಕಾಯ್ದೆಯ ಮೂರನೇ ಅನುಸೂಚಿಗೆ 2021ರಲ್ಲಿ ತಿದ್ದುಪಡಿ ಬಂದಿದೆ. ಅದರಂತೆ ಕಂಪನಿಗಳು ತಮ್ಮ ಹಣಕಾಸು ವರದಿಯ ಟಿಪ್ಪಣಿಯಲ್ಲಿ ಹನ್ನೊಂದು ಅನುಪಾತಗಳನ್ನು ಕೊಡಬೇಕು. ಆ ಪಟ್ಟಿಯಲ್ಲಿ ಮೊದಲನೆಯದೇ ಚಾಲ್ತಿ ಅನುಪಾತ. ಸಂಖ್ಯೆ ಕೊಟ್ಟರಷ್ಟೇ ಸಾಲದು. ಭಾಜ್ಯದಲ್ಲಿ ಏನೇನು ಸೇರಿದೆ, ಭಾಜಕದಲ್ಲಿ ಏನೇನು ಸೇರಿದೆ ಎಂದು ವಿವರಿಸಬೇಕು. ಹಿಂದಿನ ವರ್ಷಕ್ಕಿಂತ ಶೇಕಡಾ 25ಕ್ಕೂ ಹೆಚ್ಚು ಬದಲಾಗಿದ್ದರೆ ಕಾರಣ ಕೊಡಬೇಕು.

ಅಂದರೆ "ಏನು ಸೇರಿದೆ?" "ಏಕೆ ಬದಲಾಯಿತು?" ಎಂದು ಕಾನೂನೇ ಕೇಳುತ್ತದೆ. ನಮ್ಮ ತರಗತಿ "ಎಷ್ಟು?" ಎಂದು ಕೇಳಿ ಸುಮ್ಮನಾಗುತ್ತದೆ. ಆ ಹನ್ನೊಂದರ ಪಟ್ಟಿಯಲ್ಲಿ ತ್ವರಿತ ಅನುಪಾತ ಇಲ್ಲ. ಅದನ್ನು ಬೇಕಾದವರು ತಾವೇ ಲೆಕ್ಕಹಾಕಿಕೊಳ್ಳಬೇಕು. ಅಷ್ಟರಮಟ್ಟಿಗೆ ನಮ್ಮ ಮಕ್ಕಳು ಕಲಿಯುವ ಭಾಗಾಕಾರ ವ್ಯರ್ಥವಲ್ಲ.

ಎರಡು ಆಕ್ಷೇಪಗಳು

ಮೊದಲನೆಯ ಆಕ್ಷೇಪ ಸಮಯದ್ದು. ಅವಧಿ ಮುಕ್ಕಾಲು ಗಂಟೆ, ಪರೀಕ್ಷೆಯಲ್ಲಿ ಬರುವುದು ಲೆಕ್ಕ, ಪಾಠ ಮುಗಿಸಬೇಕು. ಇದು ನಿಜವಾದ ಕಷ್ಟ, ತಳ್ಳಿಹಾಕುವಂಥದ್ದಲ್ಲ. ಆದರೆ ಸೂತ್ರಕ್ಕೂ ಮೊದಲ ಲೆಕ್ಕಕ್ಕೂ ಹದಿನೈದು ನಿಮಿಷ ಸಾಕು. ಉಳಿದ ಅವಧಿಯಲ್ಲಿ ನಾವು ಅದೇ ಬಗೆಯ ಇನ್ನೂ ಮೂರು ಲೆಕ್ಕ ಮಾಡಿಸುತ್ತೇವೆ. ಆ ಮೂರರಲ್ಲಿ ಎರಡನ್ನು ಮನೆಗೆಲಸಕ್ಕೆ ಬಿಟ್ಟು, ಒಂದಕ್ಕೆ "ಯಾವಾಗ?" ಕಲಂ ಸೇರಿಸಿದರೆ ಪರೀಕ್ಷೆಗೆ ನಷ್ಟವಿಲ್ಲ. ಯಾವ ಬಾಬು ಚಾಲ್ತಿ, ಯಾವುದು ಅಲ್ಲ ಎಂಬಲ್ಲಿ ಮಕ್ಕಳು ಮಾಡುವ ತಪ್ಪು ಕಡಿಮೆಯಾಗುತ್ತದೆ ಎಂಬುದು ನನ್ನ ಅನುಭವ. ಏಕೆಂದರೆ ವಿಂಗಡಣೆಯ ಮೂಲವೇ ಅವಧಿ.

ಎರಡನೆಯ ಆಕ್ಷೇಪವನ್ನು ಆ ಪ್ರಶಿಕ್ಷಣಾರ್ಥಿಯೇ ನನ್ನೆದುರು ಇಟ್ಟರು. "ಮೇಡಂ, ಆ ಊರಲ್ಲಿ ಫ್ಯಾಕ್ಟರಿ ವಿಷಯ ಎತ್ತಿದರೆ ಯಾರಾದರೂ ಏನಾದರೂ ಅಂದಾರು. ನಾನು ಬರೀ ಇಪ್ಪತ್ತು ದಿನಕ್ಕೆ ಬಂದವನು." ಅವರ ಅಳುಕು ಸಹಜ. ಅಭ್ಯಾಸ ಬೋಧನೆಗೆ ಹೋದವರು ಆ ಕಾಲೇಜಿನ ಅತಿಥಿಗಳು. ಆದರೆ ಇದಕ್ಕೆ ದಾರಿ ಇದೆ. ಊರಿನ ಕಾರ್ಖಾನೆಯ ಹೆಸರು ಬೇಕಿಲ್ಲ, ಕಟ್ಟಿದ ಅಂಕಿಗಳು ಸಾಕು. ಅದಕ್ಕಿಂತ ಮುಖ್ಯವಾಗಿ, ಇದು ಯಾರನ್ನೂ ದೂರುವ ಪಾಠವಲ್ಲ. ಸಕ್ಕರೆಯ ಬೆಲೆ, ಮಾರಾಟದ ಮಿತಿ, ಬ್ಯಾಂಕಿನ ಅಡವು ಎಲ್ಲವೂ "ಯಾವಾಗ?" ಕಲಮಿನಲ್ಲಿ ಬರುವುದರಿಂದ ಕಾರ್ಖಾನೆಯ ಕಷ್ಟವೂ ಮಕ್ಕಳಿಗೆ ಕಾಣುತ್ತದೆ. ರೈತನ ಹಕ್ಕೂ ಕಾಣುತ್ತದೆ. ಅಂಕಿ ಓದಲು ಬಾರದವನು ಎರಡರಲ್ಲಿ ಒಂದನ್ನೇ ನೋಡುತ್ತಾನೆ.

ನಾವು ಮಾಡಬಹುದಾದದ್ದು

ಬೋಧಕ ಶಿಕ್ಷಕರಾದ ನಾವು ಮಾಡಬಹುದಾದ ಮೂರು ಬದಲಾವಣೆಗಳನ್ನು ಸೂಚಿಸುತ್ತೇನೆ.

ಒಂದು, ಅನುಪಾತದ ಪಾಠಯೋಜನೆಯಲ್ಲಿ ಪ್ರತಿ ಚಾಲ್ತಿ ಬಾಬಿನ ಮುಂದೆ "ಯಾವಾಗ?" ಕಲಂ ಕಡ್ಡಾಯವಾಗಲಿ. ಅದಿಲ್ಲದ ಯೋಜನೆಗೆ ಸಹಿ ಹಾಕುವುದು ಬೇಡ.

ಎರಡು, "ಸ್ಥಿತಿ ಉತ್ತಮವಾಗಿದೆ" ಎಂಬ ಒಂಟಿ ವಾಕ್ಯವನ್ನು ತೀರ್ಮಾನವೆಂದು ಒಪ್ಪಬಾರದು. ತೀರ್ಮಾನದಲ್ಲಿ "ಏಕೆಂದರೆ" ಇರಬೇಕು, ಜೊತೆಗೆ "ಇನ್ನೂ ತಿಳಿಯಬೇಕಾದದ್ದು" ಎಂಬ ಒಂದು ಸಾಲು ಇರಬೇಕು. ದಾಸ್ತಾನು ಎಷ್ಟು ಹಳೆಯದು? ಋಣಿಗಳಲ್ಲಿ ಕೊಡಲಾರದವರು ಯಾರು? ಹಿಂದಿನ ವರ್ಷ ಎಷ್ಟಿತ್ತು? ಇಂಥ ಒಂದು ಪ್ರಶ್ನೆಯಾದರೂ ವಿದ್ಯಾರ್ಥಿಯ ಪುಸ್ತಕದಲ್ಲಿ ಬರಲಿ.

ಮೂರನೆಯದು ನಮಗೆ ಸೇರಿದ್ದು. ನಮ್ಮ ವೀಕ್ಷಣಾ ನಮೂನೆಯಲ್ಲಿ ಧ್ವನಿಗೆ ಅಂಕವಿದೆ, ಕಪ್ಪುಹಲಗೆಗೆ ಅಂಕವಿದೆ, ಬೋಧನೋಪಕರಣಕ್ಕೆ ಅಂಕವಿದೆ. ಅದರಲ್ಲಿ ಇನ್ನೊಂದು ಸಾಲು ಸೇರಲಿ: "ವಿದ್ಯಾರ್ಥಿ ತಾನಾಗಿ ಕೇಳಿದ ಪ್ರಶ್ನೆ ಯಾವುದು? ಅದಕ್ಕೆ ಏನಾಯಿತು?" ಈ ಸಾಲು ಅಂದು ಇದ್ದಿದ್ದರೆ, ಆ ಹುಡುಗನನ್ನು ಕೂರಿಸಿದ್ದು ನನ್ನ ಕಣ್ಣಿಗೆ ಅಂದೇ ಬೀಳುತ್ತಿತ್ತು.

ಮರುವಾರ ಆ ಪ್ರಶಿಕ್ಷಣಾರ್ಥಿಗೆ ಮರುಬೋಧನೆಗೆ ಅವಕಾಶ ಕೇಳಿಕೊಂಡೆವು. ಕಾಲೇಜಿನ ಮಾರ್ಗದರ್ಶಕ ಉಪನ್ಯಾಸಕರು ಒಂದು ಅವಧಿ ಬಿಟ್ಟುಕೊಟ್ಟರು. ಮೇಲಿನ ಸಕ್ಕರೆ ಕಂಪನಿಯ ಲೆಕ್ಕವನ್ನು ಅವರು ತರಗತಿಗೆ ಕೊಟ್ಟರು. ಎಲ್ಲವೂ ಸುಗಮವಾಗಿ ನಡೆಯಲಿಲ್ಲ. ಗಲಾಟೆಯಾಯಿತು, ಕಬ್ಬಿನ ಬೆಲೆಯ ಬಗ್ಗೆಯೇ ಹತ್ತು ನಿಮಿಷ ಹೋಯಿತು, ಏಪ್ರಿಲ್ ಲೆಕ್ಕ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು. ಹೋಟೆಲಿನ ಉದಾಹರಣೆ ಹಾಗೆಯೇ ಉಳಿಯಿತು. ಆದರೆ ಹೊರಡುವ ಮುನ್ನ ಆ ಹುಡುಗನ ಪುಸ್ತಕ ನೋಡಿದೆ. ತೀರ್ಮಾನದ ಜಾಗದಲ್ಲಿ ಅವನು ಬರೆದಿದ್ದ: "ಅನುಪಾತ ಚೊಲೋ ಐತಿ. ಹೊತ್ತಿಗೆ ರೊಕ್ಕಿಲ್ಲ. ಏಕೆಂದರೆ ಸಕ್ಕರೆ ಇನ್ನೂ ಸಕ್ಕರೆಯಾಗೇ ಇದೆ."

ಭಾಷೆ ಪರೀಕ್ಷೆಗೆ ತಕ್ಕಂತಿಲ್ಲ. ಅದನ್ನು ತಿದ್ದಬಹುದು. "ಇನ್ನೂ ತಿಳಿಯಬೇಕಾದದ್ದು" ಎಂಬ ಸಾಲಿನಲ್ಲಿ ಅವನು ಕೇಳಿದ್ದ: "ಬ್ಯಾಂಕಿನವರಿಗೆ ಮೊದಲು, ನಮಗೆ ಆಮೇಲೆ ಯಾಕೆ?" ಅದಕ್ಕೆ ಉತ್ತರ ಅಡವಿನ ಪಾಠದಲ್ಲಿದೆ, ಆ ಪಾಠವನ್ನೂ ಯಾರಾದರೂ ಮಾಡಬೇಕು. ಈ ಸಲ ವೀಕ್ಷಣಾ ಪುಸ್ತಕದಲ್ಲಿ ನಾನು ಆ ಪ್ರಶ್ನೆಯನ್ನು ಹಾಗೆಯೇ ನಕಲು ಮಾಡಿ, ಕೆಳಗೆ ಸಹಿ ಹಾಕಿ ಬಂದೆ.